ಶೇಕಡಾ ತೊಂಬತ್ತೊಂದು ಯಂತ್ರ

ಕೂಡ್ಲಿಗಿ
9 ಜನವರಿ 2025

ಶ್ರೀ ಜಂಬುನಾಥ ಅವರಿಗೆ,
ಪ್ರಧಾನ ತೀರ್ಪುಗಾರರು, ಹಗರಿತೀರ ವಿದ್ಯಾ ಪ್ರತಿಷ್ಠಾನ

ನಮಸ್ಕಾರ. ನಾನು ಕೂಡ್ಲಿಗಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಇಪ್ಪತ್ತೇಳು ವರ್ಷದ ಹಿಂದೆ ನೀವೂ ನಾನೂ ಒಂದೇ ಬಿ.ಎ. ಕ್ಲಾಸಿನಲ್ಲಿ ಕೂತವರು. ಆ ಪರಿಚಯದ ಮೇಲೆ ಈ ಕಾಗದ ಬರೆಯುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಪ್ರತಿಷ್ಠಾನ ಐದು ತಾಲೂಕಿನ ಹತ್ತನೇ ಕ್ಲಾಸಿನ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿತ್ತು. 'ಕೃತಕ ಬುದ್ಧಿಮತ್ತೆ ಮನುಷ್ಯನನ್ನು ಹಿಂದೆ ಬಿಟ್ಟು ಹೋಗುವುದೇ?' ಅಂತ ವಿಷಯ. ಮೊದಲ ಬಹುಮಾನ ಬಂದವರಿಗೆ ಎರಡು ವರ್ಷ ಪಿಯುಸಿ ಓದು, ಹಾಸ್ಟೆಲ್, ಎಲ್ಲಾ ನಿಮ್ಮದೇ. ಡಿಸೆಂಬರಿನಲ್ಲಿ ನಮ್ಮ ರೋಜಾಗೆ ಮೊದಲ ಬಹುಮಾನ ಅಂತ ಕಾಗದ ಬಂತು. ಪ್ರಾರ್ಥನೆ ಹೊತ್ತಿನಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆವು. ಮೊನ್ನೆ ಸೋಮವಾರ ಇನ್ನೊಂದು ಕಾಗದ. 'ತಂತ್ರಾಂಶದ ಪರಿಶೀಲನೆಯಲ್ಲಿ ಸದರಿ ಪ್ರಬಂಧವು ಶೇಕಡಾ ತೊಂಬತ್ತೊಂದು ಯಂತ್ರರಚಿತ ಎಂದು ಕಂಡುಬಂದಿರುವುದರಿಂದ ಬಹುಮಾನವನ್ನು ಹಿಂಪಡೆಯಲಾಗಿದೆ.' ಕೆಳಗೆ ನಿಮ್ಮ ಸಹಿ.

ರೋಜಾ ಯಾರು ಅಂತ ನಿಮಗೆ ಗೊತ್ತೇನು? ಅವರಪ್ಪ ಹೊನ್ನೂರಸ್ವಾಮಿ ಕುರಿ ಹೊಡಕೊಂಡು ಹಡಗಲಿ ಕಡೆ ಹೊಳೆಸಾಲಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಅಜ್ಜಿ ಈರಕ್ಕ, ಈ ಹುಡುಗಿ, ಎರಡು ಆಡು. ಇರುವುದು ಒಂದು ಫೋನು, ಅದೂ ಬಟನ್ನಿನದು, ಅದೂ ಅಪ್ಪನ ಹತ್ತಿರ. ಆ ಪ್ರಬಂಧ ಅವಳು ಬರೆದದ್ದು ನಮ್ಮ ಸ್ಕೂಲಿನ ಬೇವಿನ ಮರದ ಕೆಳಗೆ. ನಾಲ್ಕು ಸಲ ಹರಿದು ಹಾಕಿ ಐದನೇ ಸಲ ಬರೆದಳು. ಹರಿದ ಹಾಳೆ ಆರಿಸಿ ಕಸದ ಬುಟ್ಟಿಗೆ ಹಾಕಿದವಳು ನಾನು.

ತಾಯಿ ಸತ್ತ ಮರಿಯನ್ನು ಇನ್ನೊಂದು ಕುರಿ ಹತ್ತಿರ ಬಿಡುವಾಗ ಆ ಕುರಿಯ ಹಾಲನ್ನೇ ಮರಿಯ ಬೆನ್ನಿಗೆ ಸವರುತ್ತಾರೆ, ತನ್ನ ವಾಸನೆ ಅಂತ ತಿಳಿದು ಕುರಿ ಮೊಲೆಗೆ ಬಿಟ್ಟುಕೊಳ್ಳುತ್ತದೆ, ಹಾಗೆಯೇ ಯಂತ್ರವೂ ನಮ್ಮ ಮಾತನ್ನೇ ಬೆನ್ನಿಗೆ ಸವರಿಕೊಂಡು ನಮ್ಮ ಹತ್ತಿರ ಬರುತ್ತಿದೆ ಅಂತ ಬರೆದಿದ್ದಾಳೆ. ಇದನ್ನು ಯಾವ ತಂತ್ರಾಂಶ ಬರೆಯಿತು, ಹೇಳಿ. ನಿಮ್ಮ ಕಚೇರಿಯವರು ವಾಪಸು ಕಳಿಸಿದ ಪ್ರತಿಯಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದು 'ವಯಸ್ಸಿಗೆ ಮೀರಿದ ಪ್ರೌಢಿಮೆ' ಅಂತ ಬರೆದಿದ್ದಾರೆ. ಆ ಸಾಲು ಇದು: 'ಯಂತ್ರ ನಮ್ಮನ್ನು ಹಿಂದೆ ಬಿಟ್ಟು ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮನ್ನು ಹಿಂದೆ ಬಿಟ್ಟು ಹೋದವರೆಲ್ಲ ಇಲ್ಲಿತನಕ ಮನುಷ್ಯರೇ.'

ಸೋಮವಾರದಿಂದ ಆ ಹುಡುಗಿ ಕ್ಲಾಸಿನಲ್ಲಿ ತಲೆ ಎತ್ತುತ್ತಿಲ್ಲ. ಉತ್ತರ ಬರೆದು ಕಳಿಸಿ. ಫೋನ್ ಬೇಡ. ಫೋನಿನಲ್ಲಿ ಆಡಿದ ಮಾತನ್ನು ಆಮೇಲೆ ಆಡಿಯೇ ಇಲ್ಲ ಅನ್ನಬಹುದು.

ಇಂತಿ,
ಸುಮಂಗಲಾ


ಕೊಟ್ಟೂರು
20 ಜನವರಿ 2025

ಸುಮಂಗಲಾ ಅವರಿಗೆ,

ನಮಸ್ಕಾರಗಳು. ನಿಮ್ಮ ಕಾಗದ ಬಂತು. ಎರಡು ಸಲ ಓದಿದೆ.

ಮೊದಲ ಸುತ್ತಿನಲ್ಲಿ ಆ ಪ್ರಬಂಧಕ್ಕೆ ಅತಿ ಹೆಚ್ಚು ಅಂಕ ಕೊಟ್ಟವನು ನಾನೇ. ಆಮೇಲೆ ಪ್ರತಿಷ್ಠಾನದ ಕಾರ್ಯದರ್ಶಿ ಅಂಜಿನೇಯಲು ಅವರು ಬಹುಮಾನಕ್ಕೆ ಬಂದ ಎಲ್ಲ ಪ್ರಬಂಧಗಳನ್ನೂ ಟೈಪ್ ಮಾಡಿಸಿ ತಂತ್ರಾಂಶಕ್ಕೆ ಹಾಕಿಸಿದರು. ಈ ವರ್ಷ ಪಟ್ಟಣದ ಶಾಲೆಗಳಿಂದ ಬಂದ ಎಷ್ಟೋ ಪ್ರಬಂಧ ನಿಜವಾಗಿಯೂ ಫೋನಿನಿಂದ ಇಳಿಸಿಕೊಂಡವು. ಮೂರು ಮಕ್ಕಳು ಅಕ್ಷರ ಬಿಡದೆ ಒಂದೇ ಮುಕ್ತಾಯ ಬರೆದಿದ್ದರು. ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ಅವರ ವಾದ. ಮನುಷ್ಯ ಪಕ್ಷಪಾತ ಮಾಡಬಹುದು, ಯಂತ್ರಕ್ಕೆ ಜಾತಿಯಿಲ್ಲ, ಊರಿಲ್ಲ ಅಂದರು. ನನಗೂ ಆ ಕ್ಷಣಕ್ಕೆ ಸರಿ ಅನಿಸಿತು, ಸಹಿ ಹಾಕಿದೆ.

ನಿಮ್ಮ ಕಾಗದ ಬಂದ ಮೇಲೆ ಅವರ ಜೊತೆ ಮಾತಾಡಿದ್ದೇನೆ. ಒಂದು ದಾರಿ ಕೊಟ್ಟಿದ್ದಾರೆ. ಫೆಬ್ರವರಿ ಹದಿನಾರು, ಭಾನುವಾರ, ಹಗರಿಬೊಮ್ಮನಹಳ್ಳಿಯ ನಮ್ಮ ಕಚೇರಿಗೆ ಹುಡುಗಿ ಬಂದು ನಮ್ಮೆದುರಿಗೆ ಕೂತು ಇನ್ನೊಂದು ಪ್ರಬಂಧ ಬರೆಯಲಿ. ಅದು ಮೊದಲಿನ ಮಟ್ಟಕ್ಕೆ ಬಂದರೆ ಬಹುಮಾನ ವಾಪಸು. ಅವಳಿಗೆ ತೊಂದರೆ ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ನೀವು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿಮ್ಮ,
ಜಂಬುನಾಥ


ಕೂಡ್ಲಿಗಿ
25 ಜನವರಿ 2025

ಜಂಬುನಾಥ,

'ನೀವು' ಅಂತ ಬರೆಯಲು ಇವತ್ತು ಕೈ ಒಲ್ಲೆ ಅನ್ನುತ್ತಿದೆ.

'ನಮ್ಮೆದುರಿಗೆ ಕೂತು ಬರೆಯಲಿ.' ಈ ಮೂರು ಶಬ್ದ ಬರೆಯುವಾಗ ನಿನಗೆ ಏನೂ ನೆನಪಾಗಲಿಲ್ಲವಾ? ನಿಜ ಹೇಳು. ನೆನಪಾಗಿಯೇ ಬರೆದೆಯಾ?

ಮರೆತಿದ್ದರೆ ನಾನು ನೆನಪು ಮಾಡಿಕೊಡುತ್ತೇನೆ. ತೊಂಬತ್ತೆಂಟನೇ ಇಸವಿ, ಕೊನೇ ವರ್ಷ. ಕಾಲೇಜಿನ ಪ್ರಬಂಧ ಸ್ಪರ್ಧೆಯಲ್ಲಿ ನನ್ನದು ಮೊದಲು ಬಂತು. ಕನ್ನಡ ವಿಭಾಗದ ಆ ಮೇಷ್ಟ್ರು ನನ್ನನ್ನು ಕರೆದು, 'ಕೈಬರಹ ನಿಂದು, ಒಪ್ತೀನಿ. ಮಾತು ಯಾರವು? ನಿಮ್ಮ ಕೇರಿಯೊಳಗೆ ಇಂಥ ಕನ್ನಡ ಯಾರು ಆಡ್ತಾರಮ್ಮ?' ಅಂದರು. ಯಾವ ಪುಸ್ತಕದಿಂದ ಇಳಿಸಿದೆ ಅಂತ ಹೆಸರು ಕೇಳಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂಡಿಸಿ, ಸುತ್ತ ಐದು ಜನ ಕುರ್ಚಿ ಹಾಕಿಕೊಂಡು, 'ಬರಿ, ನಮ್ಮೆದುರಿಗೇ ಬರಿ' ಅಂದರು. ನನಗೆ ಒತ್ತಕ್ಷರವೇ ಬರಲಿಲ್ಲ. ಒಂದು ಪುಟ ಬರೆಯುವುದರೊಳಗೆ ಮೂರು ಸಲ ಹೊಡೆದು ಹಾಕಿದೆ. ಅದನ್ನು ಎತ್ತಿ ಹಿಡಿದು 'ನೋಡ್ರಪ್ಪ, ಇದು ಆಕಿದು' ಅಂತ ನಕ್ಕರು.

ಮೊದಲಿನದನ್ನು ನಾನು ಬರೆಯುವುದನ್ನು ಮೂರು ಮಧ್ಯಾಹ್ನ ಲೈಬ್ರರಿಯಲ್ಲಿ ಎದುರಿಗೆ ಕೂತು ನೋಡಿದವನು ನೀನು. ಎರಡು ಶಬ್ದ ತಿದ್ದಿ ಕೊಟ್ಟವನೂ ನೀನೇ. ನಿನ್ನನ್ನು ಕರೆದು ಕೇಳಿದರು. ನೀನು 'ನಾನು ನೋಡಿಲ್ಲ ಸಾರ್' ಅಂದೆ.

ಆ ಮೇಷ್ಟ್ರಿಗೆ ಯಂತ್ರ ಬೇಕಾಗಿರಲಿಲ್ಲ. ನನ್ನ ಅಪ್ಪ ಓಬಳೇಶನ ಹೆಸರು, ಕೇರಿಯ ಹೆಸರು ಸಾಕಾಗಿತ್ತು, ಶೇಕಡಾ ನೂರು ಅಂತ ತೀರ್ಪು ಬಂತು. ಯಂತ್ರಕ್ಕೆ ಜಾತಿಯಿಲ್ಲ ಅಂತ ಬರೆದಿದ್ದೀಯ. ಅದರ ಮುಂದೆ ಕೂತು ಅದು ಹೇಳಿದ್ದನ್ನು ತಟ್ಟನೆ ನಂಬಿದವರಿಗೂ ಇಲ್ಲವೇನು? ಪಟ್ಟಣದ ಇಂಗ್ಲಿಷ್ ಸ್ಕೂಲಿನ ಹುಡುಗನ ಪ್ರಬಂಧಕ್ಕೆ ತೊಂಬತ್ತೊಂದು ಬಂದಿದ್ದರೆ ಒಂದು ಸಲ ಅವರಪ್ಪನಿಗಾದರೂ ಫೋನ್ ಮಾಡುತ್ತಿದ್ದಿರಿ.

ಒಂದು ಮಾತು ನಾನೂ ಒಪ್ಪುತ್ತೇನೆ. ನನ್ನ ಫೋನಿಗೆ ಅದೇ ವಿಷಯ ಕೊಟ್ಟು ಬರೆಸಿ ನೋಡಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರೆಯಿತು. ಕುರಿಯಿಲ್ಲ, ಹೊಳೆಯಿಲ್ಲ, ಬರೀ ನುಣುಪು. ಆದರೂ ನಡುವೆ ಒಂದು ಸಾಲು ಬಹಳ ಚೆಂದ ಇತ್ತು, ನನಗೆ ಹೆದರಿಕೆ ಆಯಿತು. ನಾಳೆ ಅದು ನಮಗಿಂತ ಚೆಂದ ಬರೆಯಬಹುದು, ಬರೆಯಲಿ. ಅದು ಚೆಂದ ಬರೆಯುತ್ತದೆ ಅನ್ನುವ ಕಾರಣಕ್ಕೆ ಕುರಿ ಕಾಯುವವರ ಮಗಳು ಚೆಂದ ಬರೆಯಬಾರದೇನು? ಈಗ ತಪ್ಪು ಬರೆದರೆ ಮಾತ್ರ ನೀವು ಅವಳನ್ನು ಮನುಷ್ಯಳು ಅನ್ನುತ್ತೀರಿ.

ರೋಜಾ ಬರುವುದಿಲ್ಲ. ನನ್ನ ಮಕ್ಕಳನ್ನು ಆ ಕುರ್ಚಿ ಮೇಲೆ ನಾನು ಕೂಡಿಸುವುದಿಲ್ಲ. ನಿಮ್ಮ ಬಹುಮಾನ ನೀವೇ ಇಟ್ಟುಕೊಳ್ಳಿ.

ಸುಮಂಗಲಾ


3 ಫೆಬ್ರವರಿ 2025

ಪೂಜ್ಯ ಸುಮಂಗಲಾ ಟೀಚರ್‌ಗೆ ನಿಮ್ಮ ವಿದ್ಯಾರ್ಥಿನಿ ರೋಜಾ ಮಾಡುವ ನಮಸ್ಕಾರಗಳು.

ಎದುರಿಗೆ ನಿಂತು ಹೇಳಿದರೆ ಅಳು ಬರುತ್ತದೆ. ಅದಕ್ಕೆ ಬರೆದು ನಿಮ್ಮ ಹಾಜರಿ ಪುಸ್ತಕದಲ್ಲಿ ಇಟ್ಟಿದ್ದೇನೆ.

ಇವತ್ತು ಹೆಡ್ ಮಾಸ್ತರ್ ಯರ್ರೆಪ್ಪ ಸಾರ್ ನನ್ನನ್ನು ಕರೆದು, 'ಹಗರಿಬೊಮ್ಮನಹಳ್ಳಿಯಿಂದ ಫೋನ್ ಬಂದಿತ್ತು, ನೀನು ಬರಲ್ಲ ಅಂತ ನಿಮ್ಮ ಟೀಚರ್ ಬರದಾರಂತಲ್ಲ, ಯಾಕವ್ವ ಒಲ್ಲೆ ಅಂದಿ?' ಅಂತ ಕೇಳಿದರು. ನನಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ನಿಂತೆ. ಸುಮ್ಮನೆ ನಿಂತಿದ್ದಕ್ಕೆ ಅವರು, 'ಅಂದ್ರ ನಿಜ ಏನು?' ಅಂದರು.

ಟೀಚರ್, ನನಗೆ ಸಿಟ್ಟು ಬಂದಿದೆ. ಅವರ ಮೇಲೆ ಬಂದಿತ್ತು, ಈಗ ನಿಮ್ಮ ಮೇಲೂ ಬಂದಿದೆ. ತಪ್ಪು ತಿಳಿಯಬೇಡಿ. ಆ ಮಷೀನು ನನ್ನನ್ನು ಕೇಳದೆ ಹೇಳಿತು. ಕಚೇರಿಯವರು ನನ್ನನ್ನು ಕೇಳದೆ ಬಹುಮಾನ ತಗೊಂಡರು. ನೀವೂ ನನ್ನನ್ನು ಕೇಳದೆ ಒಲ್ಲೆ ಅಂದಿರಿ. ಪ್ರಬಂಧ ನಂದು. ನನ್ನನ್ನು ಯಾರೂ ಕೇಳಲಿಲ್ಲ.

ನೀವು ಯಾಕೆ ಹಾಗೆ ಬರೆದಿರಿ ಅಂತ ನನಗೆ ಗೊತ್ತಿಲ್ಲ. ನನಗೆ ಹೆದರಿಕೆ ಆಗುತ್ತದೆ ಅಂತ ತಿಳಿದಿರಬಹುದು. ಆಗುತ್ತದೆ. ಆದರೆ ನಾನು ಹೋಗುತ್ತೇನೆ. ಅವರ ಮುಖ ನೋಡಬೇಕು. ನನ್ನ ಅಕ್ಷರ ಓದಿ ಇದು ನಂದಲ್ಲ ಅಂತ ಹೇಳಿದವರು ಹೆಂಗೆ ಇರುತ್ತಾರೆ ಅಂತ ನೋಡಬೇಕು.

ಅಜ್ಜಿ ಜೊತೆಗೆ ಬರುತ್ತಾಳೆ. ನೀವು ಬರಬೇಡಿ ಟೀಚರ್. ನೀವಿದ್ದರೆ ನಾನು ನಿಮ್ಮ ಮುಖ ನೋಡುತ್ತಾ ಬರೆಯುತ್ತೇನೆ.

ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ,
ರೋಜಾ, 10ನೇ ತರಗತಿ


ಕೂಡ್ಲಿಗಿ
6 ಫೆಬ್ರವರಿ 2025

ಜಂಬುನಾಥ,

ರೋಜಾ ಬರುತ್ತಾಳೆ. ಅವಳೇ ತೀರ್ಮಾನ ಮಾಡಿದ್ದು. ಅವಳನ್ನು ಕೇಳದೆ ಉತ್ತರ ಕೊಟ್ಟದ್ದು ನನ್ನ ತಪ್ಪು, ಅವಳ ಹತ್ತಿರ ಒಪ್ಪಿಕೊಂಡಿದ್ದೇನೆ.

ಐದು ಜನ ಸುತ್ತ ಕೂಡಬೇಡಿ.

ಸುಮಂಗಲಾ


ಕೊಟ್ಟೂರು
17 ಫೆಬ್ರವರಿ 2025

ಸುಮಂಗಲಾ,

ನಿನ್ನೆ ನಡೆದದ್ದನ್ನು ರೋಜಾ ನಿನಗೆ ಇಷ್ಟು ಹೊತ್ತಿಗೆ ಹೇಳಿರುತ್ತಾಳೆ. ಆದರೂ ನಾನು ಬರೆಯಬೇಕು.

ಅಜ್ಜಿ ಮೊಮ್ಮಗಳು ಹತ್ತು ಗಂಟೆಗೇ ಬಂದರು. ಕೋಣೆಯಲ್ಲಿ ನಾನು, ಅಂಜಿನೇಯಲು, ಟೈಪ್ ಮಾಡುವ ಹೆಣ್ಣುಮಗಳು, ಅಷ್ಟೇ. ಈರಕ್ಕನನ್ನು ಹೊರಗೆ ಕೂಡಲು ಹೇಳಿದರು. ಆಕೆ ಬಾಗಿಲ ಚೌಕಟ್ಟಿಗೆ ಒರಗಿ ಅಲ್ಲೇ ಕೂತಳು. 'ನನ್ನ ಮೊಮ್ಮಗಳು ಬರದಾಳ ಅಂತ ನಾ ಹೇಳಿದ್ರ ನಂಬಲ್ಲ, ಆ ಡಬ್ಬಿ ಹೇಳಿದ್ರ ನಂಬ್ತೀರಿ. ಡಬ್ಬಿ ನಿಮಗೇನು ಮೈಲಾರಲಿಂಗನ ಆಣಿ ಮಾಡಿ ಹೇಳೈತೇನ್ರಿ?' ಅಂದಳು.

ಅಂಜಿನೇಯಲು ಚೀಟಿ ಕೊಟ್ಟರು. 'ನನಗೆ ಇಷ್ಟವಾದ ಹಬ್ಬ.' ರೋಜಾ ಓದಿ, ಪೆನ್ನು ಮುಚ್ಚಿ ಕೇಳಿದಳು: 'ಸಾರ್, ಇದನ್ನ ಬರದ್ರ ಮೊದಲಿಂದು ನಂದು ಅಂತ ಹೆಂಗ ಗೊತ್ತಾಗ್ತತಿ?'

'ನೀನು ಬರಿಯವ್ವ ಸುಮ್ಮನ. ಆಮ್ಯಾಲ ನೋಡೋಣು.'

'ಹಂಗಾದ್ರ ನೀವೂ ಬರೀರಿ ಸಾರ್. ಎಲ್ಲಾರದೂ ಮಷೀನಿಗೆ ಹಾಕೋಣು.'

ಅಂಜಿನೇಯಲು ನಕ್ಕು ನನ್ನ ಕಡೆ ನೋಡಿದರು. ನನಗೆ ನಗು ಬರಲಿಲ್ಲ. ಒಂದು ಹಾಳೆ ತೆಗೆದುಕೊಂಡು ಅವಳ ಎದುರಿಗೆ ಕೂತೆ. ಮುಕ್ಕಾಲು ಗಂಟೆ ಇಬ್ಬರೂ ಬರೆದೆವು.

ಅವಳು ಬರೆದದ್ದನ್ನು ಆಮೇಲೆ ಓದಿದೆ. ಸಾಧಾರಣವಾಗಿತ್ತು. ಸಿಟ್ಟಿನಲ್ಲಿ ಕೂತು ಹಬ್ಬದ ಬಗ್ಗೆ ಯಾರು ಚೆಂದ ಬರೆದಾರು?

ನಾನು ಬರೆದದ್ದು ಹಬ್ಬದ ಬಗ್ಗೆ ಅಲ್ಲ. ತೊಂಬತ್ತೆಂಟರ ಮೂರು ಮಧ್ಯಾಹ್ನಗಳ ಬಗ್ಗೆ ಬರೆದೆ. ಅವತ್ತು ನಾನು ಸುಳ್ಳು ಹೇಳಿದ್ದು ಯಾಕೆ ಅಂತ ಬರೆದೆ. ಆ ಮೇಷ್ಟ್ರು ನಮ್ಮ ಹಾಸ್ಟೆಲಿನ ವಾರ್ಡನ್ನೂ ಆಗಿದ್ದರು. ಅವರಿಗೆ ಎದುರು ಮಾತಾಡಿದರೆ ಮರುದಿನ ಗಂಟುಮೂಟೆ ಕಟ್ಟಿ ಕುರಿ ಹಿಂದೆ ಹೋಗಬೇಕಾಗುತ್ತಿತ್ತು. ನಮ್ಮಪ್ಪನೂ ಕುರಿ ಕಾಯುವವನೇ ಅಂತ ನಿನಗೆ ಗೊತ್ತು. ಮರಿಯ ಬೆನ್ನಿಗೆ ಹಾಲು ಸವರುವುದನ್ನು ನಾನು ಕೈಯಾರೆ ಮಾಡಿದ್ದೇನೆ ಸುಮಂಗಲಾ. ರೋಜಾಳ ಪ್ರಬಂಧ ಓದಿದ ದಿನವೇ ಇದು ಕಣ್ಣಾರೆ ಕಂಡವರು ಬರೆದದ್ದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ. ಹಾಸ್ಟೆಲಿನ ಭಯ ಅವತ್ತಿನದು. ಈ ಸಲ ಎಂಥ ಭಯ? ಒಂದು ಕುರ್ಚಿ, ಒಂದು ಹಾರ, ವರ್ಷಕ್ಕೊಮ್ಮೆ ವೇದಿಕೆ. ಇದನ್ನೆಲ್ಲಾ ಬರೆದೆ. ಬರೆದದ್ದನ್ನು ಜೋರಾಗಿ ಓದಿದೆ. ಅಂಜಿನೇಯಲು ಕಿಟಕಿ ಕಡೆ ನೋಡುತ್ತಿದ್ದರು. ಈರಕ್ಕ ಮಾತ್ರ 'ಅಯ್ಯ, ಆ ಹುಡುಗಿ ಆಮ್ಯಾಲ ಏನ್ ಮಾಡಿದ್ಳು ಪಾಪ?' ಅಂತ ಕೇಳಿದಳು. 'ಆಕೀನೇ ನಮ್ಮ ಟೀಚರು, ಅಜ್ಜಿ' ಅಂದಳು ರೋಜಾ. ಅವಳಿಗೆ ಅದು ಹೇಗೆ ಗೊತ್ತಾಯಿತೋ ನನಗೆ ತಿಳಿಯದು. ನಾನು ಹೆಸರು ಹೇಳಿರಲಿಲ್ಲ.

ಎರಡನ್ನೂ ಟೈಪ್ ಮಾಡಿ ಹಾಕಿದರು. ರೋಜಾಳ ಹಬ್ಬಕ್ಕೆ 'ಮನುಷ್ಯರಚಿತ' ಅಂತ ಬಂತು. ನಾನು ಬರೆದದ್ದಕ್ಕೆ ಶೇಕಡಾ ಎಂಬತ್ತನಾಲ್ಕು ಯಂತ್ರ. ಇಪ್ಪತ್ತೇಳು ವರ್ಷಕ್ಕೆ ಒಂದು ಸಲ ನಿಜ ಬರೆದೆ, ಅದನ್ನು ಯಂತ್ರ ತನ್ನದು ಅಂತು.

ಅಂಜಿನೇಯಲು ಅದಕ್ಕಾದರೂ ಬಗ್ಗಿದರೇನು? 'ಈ ಸಲದ್ದು ಹುಡುಗಿ ತಾನೇ ಬರದಾಳ ಅಂತ ಆತು. ಮೊದಲಿಂದರ ಮ್ಯಾಲ ಅನುಮಾನ ಇನ್ನೂ ಜಾಸ್ತಿ ಆತು ನೋಡ್ರಿ, ಅದೆಲ್ಲಿ, ಇದೆಲ್ಲಿ!' ಅಂದರು. 'ಹಂಗಾದ್ರ ನಂದನ್ನ ಯಾರು ಬರದ್ರು, ನಿಮ್ಮ ಎದುರಿಗೇ ಕುಂತಿದ್ನಲ್ರೀ?' ಅಂದೆ. 'ತಂತ್ರಾಂಶ ಒಂದೊಂದು ಸಲ ತಪ್ತತಿ ಬಿಡ್ರಿ ಸಾರ್, ನಿಮ್ಮಂಥವರ ವಿಷಯದಾಗ' ಅಂದರು.

ನಿಮ್ಮಂಥವರ ವಿಷಯದಾಗ. ಅಲ್ಲೇ ಎದ್ದು ರಾಜೀನಾಮೆ ಬರೆದು ಕೊಟ್ಟು ಬಂದೆ. ಬಸ್ ಸ್ಟ್ಯಾಂಡಿನವರೆಗೆ ಅವರಿಬ್ಬರ ಜೊತೆ ನಡೆದೆ. ದಾರಿಯಲ್ಲಿ ರೋಜಾ ಒಂದೇ ಮಾತು ಕೇಳಿದಳು: 'ಸಾರ್, ಆ ಮಷೀನು ನಮ್ಮನ್ನ ದಾಟಿ ಮುಂದ ಹೋಗೈತಿ ಅಂತೀರೇನು?' ಇಲ್ಲವ್ವ, ಅದು ಎಲ್ಲಿಗೂ ಹೋಗಿಲ್ಲ, ನಾವೇ ಕುರ್ಚಿ ಬಿಟ್ಟು ಎದ್ದು ಅದನ್ನ ಕೂಡಿಸೀವಿ ಅಂದೆ. ಅವಳು ಒಪ್ಪಿದ ಹಾಗೆ ಕಾಣಲಿಲ್ಲ.

ಕ್ಷಮೆ ಕೇಳುವ ಶಬ್ದ ಇಲ್ಲಿ ಬರೆದು ಹೊಡೆದು ಹಾಕಿದ್ದೇನೆ. ಕಾಗದದ ಹಿಂಬದಿಯಲ್ಲಿ ಅದರ ಗುರುತು ಕಾಣುತ್ತದೆ.

ಜಂಬುನಾಥ


ಕೂಡ್ಲಿಗಿ
10 ಮೇ 2025

ಜಂಬುನಾಥ,

ಮೂರು ತಿಂಗಳು ಬಿಟ್ಟು ಬರೆಯುತ್ತಿದ್ದೇನೆ. ಪರೀಕ್ಷೆ, ಪೇಪರ್ ತಿದ್ದುವುದು ಅಂತ ನೆಪ ಹೇಳಬಹುದು. ಹೇಳುವುದಿಲ್ಲ. ಬರೆಯಲು ಮನಸ್ಸಿರಲಿಲ್ಲ.

ಪ್ರತಿಷ್ಠಾನದವರು ಈ ವರ್ಷ ಮೊದಲ ಬಹುಮಾನ ಯಾರಿಗೂ ಇಲ್ಲ ಅಂತ ಪ್ರಕಟಿಸಿದ್ದಾರೆ. ತಪ್ಪಾಯಿತು ಅಂತ ಒಂದು ಅಕ್ಷರ ಇಲ್ಲ. ರೋಜಾಗೆ 'ಭಾಗವಹಿಸಿದ್ದಕ್ಕೆ' ಅಂತ ಪ್ರಮಾಣಪತ್ರ ಕಳಿಸಿದ್ದರು. ಅವಳು ಅದನ್ನು ಹರಿಯಲಿಲ್ಲ, ಬಿಸಾಡಲೂ ಇಲ್ಲ. ಹಿಂದಿನ ಖಾಲಿ ಜಾಗದಲ್ಲಿ 'ಇದರಲ್ಲಿ ನನ್ನ ಹೆಸರು ಬಿಟ್ಟು ಉಳಿದದ್ದೆಲ್ಲ ಮಷೀನು ಬರೆದದ್ದು' ಅಂತ ಬರೆದು ಅದೇ ವಿಳಾಸಕ್ಕೆ ವಾಪಸು ಕಳಿಸಿದಳು. ಅಂಚೆಯವನ ಮುಂದೆ ನಾವಿಬ್ಬರೂ ನಕ್ಕದ್ದು ನೋಡಿ ಅವನಿಗೆ ಗಾಬರಿ ಆಯಿತು.

ಕ್ಷಮಿಸಿದ್ದೇನೆ ಅಂತ ಬರೆಯಲು ಕೂತೆ. ಆಗಲಿಲ್ಲ. ನಿನಗೆ ಹಾಸ್ಟೆಲು ಹೋಗುತ್ತಿತ್ತು, ಅದು ನನಗೆ ತಿಳಿಯುತ್ತದೆ. ಆದರೆ ಅವತ್ತಿಂದ ನಾನು ಒಂದೂ ಸಾಲು ನನ್ನದು ಅಂತ ಬರೆಯಲಿಲ್ಲ ಜಂಬುನಾಥ. ಮಕ್ಕಳದ್ದು ತಿದ್ದಿದೆ, ನಾಟಕಕ್ಕೆ, ಭಾಷಣಕ್ಕೆ ಬೇರೆಯವರ ಹೆಸರಿನಲ್ಲಿ ಬರೆದುಕೊಟ್ಟೆ. ನನ್ನ ಹೆಸರು ಹಾಕಲು ಭಯ. ಆ ಇಪ್ಪತ್ತೇಳು ವರ್ಷ ಯಾವ ಯಂತ್ರವೂ ಕಿತ್ತುಕೊಂಡದ್ದಲ್ಲ. ಈಗ ಈ ಕಾಗದಗಳನ್ನು ಬರೆಯುವಾಗ ಕೈ ಹಗುರಾಗಿದೆ, ಅದು ನಿಜ. ಸಿಟ್ಟೂ ಹಾಗೇ ಇದೆ. ಎರಡೂ ಇರಲಿ.

ಈಗ ಕೆಲಸದ ಮಾತು. ರೋಜಾ ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲಿಗೇ ಮೊದಲು ಬಂದಿದ್ದಾಳೆ. ಕೊಟ್ಟೂರಿನ ಸರ್ಕಾರಿ ಪಿಯು ಕಾಲೇಜಿಗೆ ಸೇರುತ್ತಾಳೆ. ಹತ್ತೊಂಬತ್ತನೇ ತಾರೀಖು ಅಡ್ಮಿಶನ್. ಅವರಪ್ಪ ಇಟ್ಟಿಗಿ ಹತ್ತಿರ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ಕೂಡಿಸಿದ್ದಾನೆ, ಹಿಂಡು ಬಿಟ್ಟು ಬರುವ ಹಾಗಿಲ್ಲ, ಅರ್ಜಿಗೆ ಹೆಬ್ಬೆಟ್ಟು ಒತ್ತಿ ಕಳಿಸಿದ್ದಾನೆ. ನನಗೆ ಅವತ್ತು ತಾಲೂಕಿನಲ್ಲಿ ತರಬೇತಿ. ಜೊತೆಗೆ ದೊಡ್ಡವರೊಬ್ಬರು ಇರಬೇಕಂತೆ. ನೀನು ಆ ಊರಲ್ಲೇ ಇದ್ದೀಯ. ನಿನ್ನನ್ನು ಕರೆಯಲಾ ಅಂತ ಈ ಸಲ ಅವಳನ್ನು ಕೇಳಿದೆ. 'ಕರೀರಿ ಟೀಚರ್' ಅಂದಳು.

ಹೋಗು.

ಸುಮಂಗಲಾ


ಕೊಟ್ಟೂರು
20 ಮೇ 2025

ಸುಮಂಗಲಾ,

ಅಡ್ಮಿಶನ್ ಆಯಿತು. ಕಲಾ ವಿಭಾಗ, ಐಚ್ಛಿಕ ಕನ್ನಡ. ಹಾಸ್ಟೆಲಿನ ಅರ್ಜಿಯೂ ಕೊಟ್ಟೆವು, ಬಹುಶಃ ಸಿಗುತ್ತದೆ.

ಒಂದು ವಿಷಯ ನಿನಗೆ ಹೇಳಲೇಬೇಕು. ಅರ್ಜಿಯಲ್ಲಿ ಜೊತೆಗೆ ಬಂದವರ ಹೆಸರು, ಅದರ ಪಕ್ಕ 'ವಿದ್ಯಾರ್ಥಿಯೊಂದಿಗೆ ಸಂಬಂಧ' ಅಂತ ಒಂದು ಖಾನೆ. ಹೆಸರು ಬರೆದೆ, ಸಂಬಂಧದ ಹತ್ತಿರ ಬಂದು ನಿಂತೆ. ನಾನು ಅವಳ ಮಾವನಲ್ಲ, ಮೇಷ್ಟ್ರಲ್ಲ. ಹಿಂದೆ ಸಾಲಿನಲ್ಲಿದ್ದವರು 'ಬೇಗ ಬರೀರಿ' ಅಂತ ಗೊಣಗಿದರು. ಗುಮಾಸ್ತ ನಾಗಪ್ಪ ಅನ್ನುವವರು ತಲೆ ಎತ್ತಿ 'ಏನಾಗಬೇಕ್ರಿ ನಿಮಗ ಈ ಹುಡುಗಿ?' ಅಂದರು.

ರೋಜಾ ನನ್ನ ಕೈಯಿಂದ ಪೆನ್ನು ಇಸಕೊಂಡು, ಆ ಖಾನೆಯಲ್ಲಿ 'ಸಾಕ್ಷಿ' ಅಂತ ಬರೆದಳು.

'ಇದು ಸಂಬಂಧ ಅಲ್ಲವ್ವ' ಅಂದರು ನಾಗಪ್ಪ.

'ನಮಗ ಆಗ್ತತಿ ಸಾರ್' ಅಂದಳು.

ಅವರು ಒಂದು ಸಲ ಅವಳ ಮುಖ, ಒಂದು ಸಲ ನನ್ನ ಮುಖ ನೋಡಿ, ಸೀಲು ಹೊಡೆದು, ಮುಂದಿನವರನ್ನು ಕರೆದರು.

ಜಂಬುನಾಥ